ಇಲಿ ಕಡಿದ ಗಿಗಾಬಿಟ್

ವಿನೋಬನಗರದ ನೂರಡಿ ರಸ್ತೆಯ ಆಸುಪಾಸಿನಲ್ಲಿ ಮನೆ ಮಾಡಿದವರಿಗೆ ಮಳೆಗೂ ಬರವಿಲ್ಲ, ಸಲಹೆಗೂ ಬರವಿಲ್ಲ. ಮಹಡಿಯ ಕಂಪ್ಯೂಟರಿನ ನೆಟ್ ತೆವಳತೊಡಗಿದೆ ಅಂತ ಬಾಯಿಬಿಟ್ಟದ್ದೇ ತಡ, ಪಕ್ಕದ ಮನೆಯ ಮೇಷ್ಟ್ರು ಕೊಡೆ ಮಡಚುತ್ತಾ ಹಾಜರ್. "ಪಿನ್ ಕಿತ್ತು ಊದ್ರೀ, ಧೂಳಿರುತ್ತೆ." ರೇಡಿಯೋ ಕಾಲದ ವೈದ್ಯ. ಮನೆಯಾಕೆಯದು ಇನ್ನೂ ಸುಲಭದ್ದು: "ಆಫ್ ಮಾಡಿ ಆನ್ ಮಾಡಿ." ತಮಾಷೆಯಲ್ಲ, ಅರ್ಧ ಜಗತ್ತು ಓಡುತ್ತಿರುವುದೇ ಈ ಮಂತ್ರದ ಮೇಲೆ!

ಊದಿದ್ದಾಯಿತು, ಆಫ್ ಮಾಡಿದ್ದಾಯಿತು. ರೂಟರಿನ ಪಕ್ಕ ನಿಂತರೆ ವೈಫೈ ಕುದುರೆ. ಮಹಡಿಯ ವೈರಿನಲ್ಲಿ ಮಾತ್ರ 1000 ಇರಬೇಕಾದ ವೇಗ 100ಕ್ಕೆ ಅಂಟಿಕೊಂಡಿದೆ. ಅಂದಮೇಲೆ ಕಂಪನಿಗೆ ಬೈದು ಪ್ರಯೋಜನವಿಲ್ಲ. (ಆದರೂ ಬೈದೆವು. ಅಭ್ಯಾಸ.)

ಕೊನೆಗೆ ಕೇಬಲ್ ಹುಡುಗ ಬಂದ. ವೈರಿನ ಎರಡು ತುದಿಗೂ ಟೆಸ್ಟರ್ ಸಿಕ್ಕಿಸಿದ. ಒಂದು, ಎರಡು, ಮೂರು ಎಂದು ದೀಪಗಳು ಸರದಿಯಲ್ಲಿ ಮಿನುಗಿ, ಆರು ದಾಟಿದ್ದೇ ಗಪ್‌ಚಿಪ್. ಏಳು, ಎಂಟು ಕತ್ತಲು.

"ಕಂದು ಜೋಡಿ ಹೋಗಿದೆ ಸಾರ್. ನೂರರ ವೇಗಕ್ಕೆ ಒಂದು, ಎರಡು, ಮೂರು, ಆರು ಸಾಕು. ಸಾವಿರಕ್ಕೆ ಎಂಟೂ ಬೇಕು."

ಎಂಟು ತಂತಿಯಲ್ಲಿ ನಾಲ್ಕೇ ದುಡಿದರೂ ಕೆಲಸ ಸಾಗುತ್ತದೆ ಎಂಬ ಈ ವ್ಯವಸ್ಥೆ ಮಾಡಿದವನು ಯಾವುದೋ ಕಚೇರಿಯಲ್ಲಿ ಕೂತು ಎದ್ದವನೇ ಇರಬೇಕು.

ಅಟ್ಟದಲ್ಲಿ ಅಡಿಕೆ ಮೂಟೆಯ ಹಿಂದೆ ವೈರಿನ ಹೊದಿಕೆ ಚೂರುಚೂರಾಗಿ ಬಿದ್ದಿತ್ತು. ಹುಡುಗ ಕೆಟ್ಟ ಭಾಗವನ್ನು ಕತ್ತರಿಸಿ, ಹೊಸ ಕನೆಕ್ಟರ್ ಒತ್ತಿ, ದುಡ್ಡು ಎಣಿಸಿಕೊಂಡು ಕೇಳಿದ:

"ಸಾರ್, ಬೋನಿಗೆ ಕೊಬ್ಬರಿ ಇಡ್ತೀರೋ, ಬೋಂಡಾನೋ?"

ಮೇಷ್ಟ್ರು ಕೊಡೆ ಬಿಚ್ಚುತ್ತಿದ್ದವರು ಮತ್ತೆ ಒಳಗೆ ಬಂದು ಕೂತರು.