ಅಂಗಳಕ್ಕಿಳಿದ ಟೈ ರಾಡ್

ಮಾರುತಿ 800 ಕಾರು ಕಾಸರಗೋಡು ಜಿಲ್ಲೆಗಿಂತ ಐದು ತಿಂಗಳು ಹಿರಿಯದು. ಮೊದಲ ಕಾರು ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರ್ 14ರಂದು. ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. 2014ರ ಜನವರಿಯಲ್ಲಿ ಕಂಪನಿಯವರು ಆ ಕಾರನ್ನು ತಯಾರಿಸುವುದನ್ನೇ ನಿಲ್ಲಿಸಿದರು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೆಲವು ತೋಟದ ಮನೆಗಳು ಮಾತ್ರ ಆ ಸುದ್ದಿಯನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಇಂಥ ಮನೆಗಳಿಗೆ ಡಾಮರು ರಸ್ತೆ ಬಿಟ್ಟು ಗುಡ್ಡ ಇಳಿಯಬೇಕು. ಒಂದು ತಿರುವಿಗೆ ಸ್ಟೀರಿಂಗನ್ನು ಪೂರ್ತಿ ಬಲಕ್ಕೆ, ಮುಂದಿನದಕ್ಕೆ ಪೂರ್ತಿ ಎಡಕ್ಕೆ ತಿರುಗಿಸಬೇಕು. ನಡುವೆ ಮಳೆನೀರು ಕೊರೆದ ಚರಂಡಿ ಬೇರೆ. ಈ ಕುಣಿತದ ಭಾರವೆಲ್ಲ ಬೀಳುವುದು ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಎಂಬ ಸಣ್ಣ ಉಕ್ಕಿನ ತುಂಡಿನ ಮೇಲೆ. ಮನುಷ್ಯನ ಸೊಂಟದ ಕೀಲಿನಂತೆ ಒಂದು ಗುಂಡು, ಅದನ್ನು ಹಿಡಿದಿಡುವ ಒಂದು ಬಟ್ಟಲು, ಮೇಲೊಂದು ರಬ್ಬರ್ ಬೂಟು. ಬೂಟು ಹರಿದರೆ ಗ್ರೀಸ್ ಹೊರಗೆ, ಕೆಂಪು ಕೆಸರು ಒಳಗೆ.

ಹೊಂಡಕ್ಕಿಳಿದಾಗ ಟಕ್ಕೆಂದು ಸದ್ದು ಬರುತ್ತದೆ. ಯಜಮಾನರು ರೇಡಿಯೋ ಜೋರು ಮಾಡುತ್ತಾರೆ. ಟಯರಿನ ಒಂದು ಅಂಚು ಬೋಳಾದಾಗಲೂ ಬೈಗುಳ ಟಯರಿನವನಿಗೇ. ಕೊನೆಗೆ ಮಂಗಳೂರಿನಿಂದ ಬಂದ ಭಾವ ಕಾರು ಓಡಿಸಿ, "ಇದು ಹೇಳಿದ ಕಡೆ ಹೋಗುವುದಿಲ್ಲವಲ್ಲ" ಎಂದಾಗ ಮರ್ಯಾದೆಯ ಪ್ರಶ್ನೆ ಏಳುತ್ತದೆ. ಪರೀಕ್ಷೆ ಸುಲಭ. ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಎಡಬಲ ಅಂಚು ಹಿಡಿದು ಅಲ್ಲಾಡಿಸಬೇಕು. ಕಟಕಟ ಎಂದರೆ ಮೊದಲ ಅನುಮಾನ ಟೈ ರಾಡಿನ ಮೇಲೆ. ಮೇಲೆ ಕೆಳಗೆ ಹಿಡಿದಾಗ ಅಲ್ಲಾಡಿದರೆ ಬೇರಿಂಗೋ ಕೆಳಗಿನ ಬಾಲ್ ಜಾಯಿಂಟೋ ಇರಬಹುದು. ಖರ್ಚಿನ ಲೆಕ್ಕವೂ ಬೇರೆ.

ಈ ಸ್ಟೀರಿಂಗಿನ ಹಿಂದೆ ಒಂದು ಕಥೆಯೂ ಇದೆ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕೆಂಬ ಉಪಾಯ ಹೊಳೆದದ್ದು ಮ್ಯೂನಿಕ್ಕಿನಲ್ಲಿ ಕುದುರೆಗಾಡಿ ಕಟ್ಟುತ್ತಿದ್ದ ಲ್ಯಾಂಕೆನ್ಸ್‌ಪರ್ಗರ್ ಎಂಬವನಿಗೆ. 1818ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಅವನ ಏಜೆಂಟ್ ರುಡಾಲ್ಫ್ ಆಕರ್ಮನ್. ಇಂದಿಗೂ ಅದು ಆಕರ್ಮನ್ ಸ್ಟೀರಿಂಗ್. ಬೆಳೆದವನಿಗಿಂತ ದಲ್ಲಾಳಿಗೆ ಹೆಸರು ಬಂದದ್ದರಲ್ಲಿ ಅಡಿಕೆ ಕೃಷಿಕರಿಗೆ ಆಶ್ಚರ್ಯವೇನೂ ಇಲ್ಲ.

ಹೊಸ ಎಂಡ್ ಪೇಟೆಯಿಂದ ಬಂತು. ಜಾಕಿನ ಅಡಿಗೆ ದಪ್ಪ ಹಲಗೆ ಇಡದಿದ್ದರೆ ಕಾರು ಏರುವ ಬದಲು ಜಾಕ್ ಅಂಗಳಕ್ಕಿಳಿಯುತ್ತದೆ. ಏರಿದ ಕಾರಿಗೆ ಆಧಾರ ಬೇಕಲ್ಲ, ಸುತ್ತ ಕಣ್ಣಿಗೆ ಬೀಳುವುದೆಲ್ಲ ಮುರಕಲ್ಲು. ಮನೆ, ಬಾವಿ, ಬೇಲಿ ಎಲ್ಲವೂ ಅದರದ್ದೇ ಆದ ಊರಿನಲ್ಲಿ ಕಾರನ್ನೂ ಅದರ ಮೇಲೆ ಕೂರಿಸುವ ಆಸೆ ಸಹಜ. ಹಿಂದಿನ ಚಕ್ರಕ್ಕೆ ತಡೆಯಾಗಿ ಇಡಲು ಮುರಕಲ್ಲು ಸಾಕು. ತೂತು ತೂತಾದ ಆ ಕಲ್ಲನ್ನು ನಂಬಿ ಕಾರಿನ ಅಡಿಗೆ ತಲೆ ಹಾಕುವುದು ಮಾತ್ರ ಬೇಡ. ಕಬ್ಬಿಣದ ಸ್ಟ್ಯಾಂಡೇ ಬೇಕು.

ನಟ್ಟು ಸಡಿಲಿಸಿದ ಮೇಲೆ ನಿಜವಾದ ನಾಟಕ. ಆ ಗುಂಡಿನ ಟೇಪರ್ ಪಿನ್ ಸ್ಟೀರಿಂಗ್ ತೋಳಿನ ತೂತಿನಲ್ಲಿ ಕಚ್ಚಿ ಕೂತಿರುತ್ತದೆ. ಅಡಿಕೆ ಸುಲಿಯಲು ಬಂದವರು, ಕೊಟ್ಟಿಗೆಯಿಂದ ಬಂದವರು, ದಾರಿಯಲ್ಲಿ ಹೋಗುತ್ತಿದ್ದವರು, ಎಲ್ಲರಲ್ಲೂ ಒಂದೊಂದು ಮದ್ದು ಇದೆ. ಕೇಳಬಾರದ ಸಲಹೆ, ಪಿನ್ನಿನ ತುದಿಗೇ ಸುತ್ತಿಗೆಯಿಂದ ಬಡಿಯುವುದು; ತಿರುಪಿನ ಮರೆಯೇ ಹಾಳಾದೀತು. ಬಡಿಯಬೇಕಾದ್ದು ತೋಳಿನ ಕಣ್ಣಿನ ಪಕ್ಕಕ್ಕೆ, ನಟ್ಟನ್ನು ನಾಲ್ಕು ಸುತ್ತು ಬಿಟ್ಟುಕೊಂಡು. ಎರಡು ಗಟ್ಟಿ ಪೆಟ್ಟು ಸರಿಯಾದ ಜಾಗಕ್ಕೆ ಬಿದ್ದರೆ, ಅಷ್ಟು ಹೊತ್ತು ಹಟ ಹಿಡಿದದ್ದು ತಟ್ಟನೆ ಕಳಚುತ್ತದೆ. ಕೀರ್ತಿ ಕೊನೆಯ ಸಲಹೆ ಕೊಟ್ಟವರಿಗೆ.

ಹಳೆಯದು ಎಷ್ಟು ಸುತ್ತಿನಲ್ಲಿ ಬಿಚ್ಚಿಕೊಂಡಿತೋ ಹೊಸದನ್ನು ಅಷ್ಟೇ ಸುತ್ತು ತಿರುಗಿಸಬೇಕು. ಈ ಜಿಲ್ಲೆಯಲ್ಲಿ ಅದು ಸುಲಭವಲ್ಲ. ಯಜಮಾನರು ಎಂಟು ಎನ್ನುವಾಗ ಆಳು ಎಣ್ಮ, ನೆರೆಯವನು ಎಟ್ಟ್. ಪತ್ತ್ ಎನ್ನುವಲ್ಲಿ ತುಳು, ಮಲಯಾಳ ಒಂದಾಗುತ್ತವೆ. ಅಷ್ಟರಲ್ಲಿ ಒಳಗಿಂದ "ಚಹಾ ಆರಿತು" ಎಂಬ ಕೂಗಿಗೆ ಮೂರು ಭಾಷೆಗಳ ಲೆಕ್ಕವೂ ತಪ್ಪುತ್ತದೆ. ಅಡಿಕೆ ಗೋಣಿಗೆ ಗುರುತು ಹಾಕುವ ಬಣ್ಣದಿಂದ, ಬಿಚ್ಚುವ ಮೊದಲೇ ಮರೆಯ ಮೇಲೆ ಒಂದು ಗೆರೆ ಎಳೆದಿದ್ದರೆ ಈ ಗದ್ದಲವೇ ಇರುತ್ತಿರಲಿಲ್ಲ.

ಕೂಲಿ ಉಳಿಯಿತೇ? ಸ್ವಲ್ಪ. ಆದರೆ ಗೆರೆ ಎಷ್ಟೇ ನೇರವಿರಲಿ, ಕಣ್ಣಂದಾಜಿನಲ್ಲಿ ಚಕ್ರಗಳ ಕೋನ ಕೂರುವುದಿಲ್ಲ. ಅಲೈನ್‌ಮೆಂಟಿಗೆ ಪೇಟೆಗೆ ಹೋಗಲೇಬೇಕು, ಅದೂ ನಿಧಾನಕ್ಕೆ. ಇನ್ನೊಂದು ಮಾತು: ನಟ್ಟಿನ ಸೀಳಿಗೂ ಪಿನ್ನಿನ ತೂತಿಗೂ ಹೊಂದದಿದ್ದರೆ ನಟ್ಟನ್ನು ಸಡಿಲಿಸಬೇಡಿ, ಇನ್ನಷ್ಟು ಬಿಗಿಮಾಡಿ ಹೊಂದಿಸಿ. ಆ ತೂತಿನಲ್ಲಿದ್ದ ಹಳೆಯ ಸ್ಪ್ಲಿಟ್ ಪಿನ್ನನ್ನು ಮಾತ್ರ ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ; ಹೊಸದಕ್ಕೆ ಆಗುವ ಖರ್ಚು ಒಂದು ಚಹಾದಷ್ಟೂ ಇಲ್ಲ.