ಟಕ್‌ಟಕ್ ಮೀಮಾಂಸೆ: ಹಾರ್ಡ್ ಡಿಸ್ಕಿನ ಅವಸಾನ ಕುರಿತು ಅವಳಿ ನಗರದ ಎರಡು ಪಂಥಗಳು

ಐಬಿಎಂ ಕಂಪನಿ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದದ್ದು 1956ರ ಸೆಪ್ಟೆಂಬರಿನಲ್ಲಿ. ಎರಡಡಿ ಅಗಲದ 50 ತಟ್ಟೆಗಳು, ಟನ್ ಮೀರಿದ ತೂಕ. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅದೇ ವರ್ಷ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ನಡುವೆ ಎರಡು ತಿಂಗಳೂ ಇಲ್ಲ. ಎಷ್ಟೋ ಕವಿಗಳ ಕಾಲನಿರ್ಣಯ ಇದಕ್ಕಿಂತ ಕಡಿಮೆ ಆಧಾರದ ಮೇಲೆ ನಡೆದಿರುವುದರಿಂದ, ಡಿಸ್ಕು ಕೆಡುವ ವಿದ್ಯಮಾನವನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನಿಂತು ನೋಡುವುದು ಶಾಸ್ತ್ರಸಮ್ಮತವೆಂದೇ ಇಟ್ಟುಕೊಳ್ಳೋಣ.

ಧಾರವಾಡದ್ದು ನಾದಪಂಥ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರನ್ನು ಎದುರು ಕೂತು ಕೇಳಿದ ಊರಿದು. ಇಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಸಿಪಿಯು ಡಬ್ಬಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದರೆಂದರೆ ಮನೆಯಲ್ಲಿ ಮಿಕ್ಸರ್ ಹಚ್ಚುವಂತಿಲ್ಲ. ಪಂಥಕ್ಕೆ ಗಣಿತದ ಬಲವೂ ಇದೆ. ನಿಮಿಷಕ್ಕೆ 7200 ಸುತ್ತಿನ ಡಿಸ್ಕು ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಗಂಡುದನಿಯ ‘ಬಿಳಿ ಒಂದು’ ಪಟ್ಟಿಗಿಂತ ತುಸು ಕೆಳಗಿನ ಶ್ರುತಿ. ಇದರ ನಡುವೆ ಟಕ್‌ಟಕ್ ಎಂಬ ಠೇಕಾ ಸೇರಿದರೆ, ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಹೆಡ್ಡು, ಸಮ್ ಸಿಗದ ಗಾಯಕನ ಹಾಗೆ, ದಾರಿಯ ಗುರುತು ಕಾಣದೆ ಹಿಂದೆ ಬಂದು ಮತ್ತೆ ಹೊರಡುತ್ತಿದೆ ಎಂದು ತಿಳಿಯಬೇಕು. ಕರ್ರ್ ಎಂದರೆ ಹೆಡ್ಡು ತಟ್ಟೆಗೇ ತಾಗಿದೆ. ಕುಂಯ್ ಎಂದು ಸುಮ್ಮನಾದರೆ ಮೋಟರು ತಿರುಗಲಾರದೆ ಒದ್ದಾಡುತ್ತಿದೆ. ಇಷ್ಟನ್ನೂ ಕರಾರುವಾಕ್ಕಾಗಿ ಗುರುತಿಸಿದ ಮೇಲೆ ಪಂಥವು ಚಹಾ ಕುಡಿದು, ಖಾತ್ರಿಗಾಗಿ ಇನ್ನೊಮ್ಮೆ ಚಾಲೂ ಮಾಡಿ ಕೇಳುತ್ತದೆ. ಕೇಳಿದಷ್ಟೂ ತಟ್ಟೆ ಗೀರುತ್ತದೆ.

ಖಂಡೆಪೂಜೆಯ ದಿನ ಡಬ್ಬಿಯ ಜಾಲರಿಗೆ ವಿಭೂತಿ-ಕುಂಕುಮ ಹಚ್ಚಿ ಮಾಲೆ ಹಾಕಿದಾಗ, ಚೆಂಡುಹೂವಿನ ಎಸಳೊಂದು ಒಳಗೆ ಜಾರಿ ಫ್ಯಾನಿಗೆ ಸಿಕ್ಕಿ ಟರ್ರ್ ಎಂದದ್ದನ್ನು ಇದೇ ಪಂಥ ನಾಲ್ಕನೆಯ ವ್ಯಾಧಿಯೆಂದು ವರ್ಗೀಕರಿಸಿದ್ದೂ ಉಂಟು.

ಹುಬ್ಬಳ್ಳಿಯ ಬದಲಿಪಂಥಕ್ಕೆ ಇಷ್ಟು ಪುರುಸೊತ್ತಿಲ್ಲ. “ಹೋಗೇತ್ರಿ ಸರ, ಹೊಸಾದು ಹಾಕಸ್ರಿ” ಎಂಬುದೊಂದೇ ಅದರ ಸೂತ್ರ. ಸ್ಕ್ರೂ ಬಿಚ್ಚುವ ಮೊದಲೇ ಉಚ್ಚರಿಸತಕ್ಕದ್ದು. ಆದರೆ ಡಿಸ್ಕು ತನ್ನ ಕಾಯಿಲೆಯ ರೋಜನಾಮೆಯನ್ನು ತಾನೇ ಬರೆದಿಡುತ್ತದೆ, ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಯಾರಾದರೂ ಓದಬಹುದು. 5 ಮತ್ತು 197ನೆಯ ಕಲಮಿನ ಅಂಕಿ ಏರುತ್ತಿದ್ದರೆ ತಟ್ಟೆಯೇ ಹಾಳಾಗುತ್ತಿದೆ. 199 ಮಾತ್ರ ಏರುತ್ತಿದ್ದರೆ ಬಹುಪಾಲು ಕೆಟ್ಟಿರುವುದು ಸಾಟಾ ಕೇಬಲ್ಲು, ನೂರಿನ್ನೂರು ರೂಪಾಯಿಯ ಬಾಬತ್ತು. 199ನೆಯ ಕಲಮಿಗೆ ಹುಬ್ಬಳ್ಳಿಯಲ್ಲಿ ಭಾಷ್ಯಕಾರರು ಹುಟ್ಟದೆ ಇರಲು ಇದೇ ಕಾರಣವಿರಬೇಕು.

ಡಿಸ್ಕನ್ನು ಫ್ರಿಜ್ಜಿನಲ್ಲಿ ಮೊಸರಿನ ಬಾಜೂ ಇಡುವ ಜಾನಪದ ಚಿಕಿತ್ಸೆಯನ್ನು ಎರಡೂ ಪಂಥಗಳು ತಿರಸ್ಕರಿಸಿವೆ. ಹೊರಗೆ ತೆಗೆದೊಡನೆ ತೇವ ಕಟ್ಟುತ್ತದೆ, ಮೊಸರಿಗೂ ಲಾಭವಿಲ್ಲ.

ಇನ್ನು ಬೆಂಗಳೂರಿನಿಂದ ಪ್ರಾಧ್ಯಾಪಕರ ಮಗಳು ಫೋನಿನಲ್ಲಿ ಹೂಡಿದ ಪೂರ್ವಪಕ್ಷ. “ಅಪ್ಪಾ, ಮತ್ತ ಮತ್ತ ಚಾಲೂ ಮಾಡಬ್ಯಾಡ್ರಿ. ಓದಲಿಕ್ಕೆ ಬರ್ತದ ಅಂದ್ರ ಮೊದಲ ಕಾಪಿ ಮಾಡ್ಕೋರಿ. ಚೆಕ್ ಡಿಸ್ಕ್ ಹಚ್ಚಿದ್ರ ಕೆಟ್ಟ ಜಾಗಾನ ತಿಕ್ಕತದ ಅದು.” ಡಿಡಿರೆಸ್ಕ್ಯೂ ಎಂಬುದು ಚಲೋ ಇದ್ದ ಭಾಗವನ್ನು ಮೊದಲು ಎತ್ತಿಕೊಂಡು, ಹಟಮಾರಿ ಜಾಗಗಳಿಗೆ ಕಡೆಗೆ ಕೈ ಹಾಕುತ್ತದೆಂದೂ ಆಕೆ ಹೇಳಿದಳು. ಆಕೆ ಯಾವ ಆಕರವನ್ನೂ ಉಲ್ಲೇಖಿಸದ ಕಾರಣ ವಾದವನ್ನು ಬದಿಗಿರಿಸಲಾಯಿತು.

ಆ ಡಿಸ್ಕಿನಲ್ಲಿದ್ದದ್ದು ಮನ್ಸೂರರ ಬೈಠಕ್ಕುಗಳು. ಮೊಮ್ಮಗನಿಂದ ಎಂಪಿ3 ಮಾಡಿಸಿ, ಕ್ಯಾಸೆಟ್ಟುಗಳನ್ನು ಹಳೆ ಸಾಮಾನಿನವನಿಗೆ ತೂಕಕ್ಕೆ ಹಾಕಲಾಗಿದೆ. ಒಂದೇ ಓಲೆಪ್ರತಿ ಹಿಡಿದು ಕಾವ್ಯ ಸಂಪಾದಿಸಿದವರನ್ನು ನಮ್ಮ ಪ್ರಾಧ್ಯಾಪಕರು ವೃತ್ತಿಯುದ್ದಕ್ಕೂ ಸೆಮಿನಾರುಗಳಲ್ಲಿ ಝಾಡಿಸಿದ್ದಾರೆ; ಪ್ರತ್ಯಂತರವಿಲ್ಲದ ಪಾಠವನ್ನು ನಂಬಲಾಗದು ಎಂಬುದು ಅವರ ಖ್ಯಾತ ನಿಲುವು. ಎರಡನೆಯ ಡಿಸ್ಕು ಕೊಳ್ಳುವ ಮಾತು ಬಂದಾಗ ಮಾತ್ರ “ಅದು ಖರ್ಚಿನ ಬಾಬತ್ತಾತು” ಎಂದರು.

ಹೊಸ ಎಸ್‌ಎಸ್‌ಡಿಗೆ ನಾದಪಂಥ ಇನ್ನೂ ಮಾನ್ಯತೆ ಕೊಟ್ಟಿಲ್ಲ. ತಿರುಗುವ ತಟ್ಟೆಯಿಲ್ಲ, ಹೆಡ್ಡಿಲ್ಲ, ಸಾಯುವಾಗಲೂ ಕೆಮ್ಮುವುದಿಲ್ಲ. ಇಂಥದಕ್ಕೆ ರೋಗಲಕ್ಷಣ ಬರೆಯುವುದು ಹೇಗೆಂಬುದು ಆಕ್ಷೇಪ. ಬದಲಿಪಂಥ ಅಷ್ಟರಲ್ಲಿ ಬಿಲ್ಲು ಬರೆದಾಗಿದೆ.