ಪ್ರಿಪೊಸಿಷನ್ ಪ್ರಹಸನ

ಪರರ ವಾಕ್ಯದಲ್ಲಿ ತಪ್ಪನ್ನು ಹುಡುಕುವ ಸುಖಕ್ಕೆ ಸಮನಾದುದು, ಬೀಗರ ಮನೆಯ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ಹೇಳುವ ಸುಖದ ಹೊರತು, ಈ ಲೋಕದಲ್ಲಿ ಮತ್ತೊಂದಿಲ್ಲ. ಇಂಗ್ಲಿಷ್ ವಾಕ್ಯವು ಪ್ರಿಪೊಸಿಷನ್ನಿನಿಂದ ಮುಗಿಯಕೂಡದೆಂಬ ನಿಷೇಧವನ್ನೇ ನೋಡಿರಿ. ಕವಿ ಡ್ರೈಡನ್ನನು 1672ರಲ್ಲಿ ಈ ದೋಷವನ್ನು, ಸ್ವರ್ಗಸ್ಥನಾಗಿ ಮೂವತ್ತೈದು ವರ್ಷಗಳಾಗಿದ್ದುದರಿಂದ ಪ್ರತ್ಯುತ್ತರ ಕೊಡಲಾರದ ಬೆನ್ ಜಾನ್ಸನ್ನನ ಮೇಲೆ ಆರೋಪಿಸಿದನು. ಅನಂತರ ತನ್ನ ಗದ್ಯದಲ್ಲಿಯೂ ಅದೇ ದೋಷವು ಯಥೇಚ್ಛವಾಗಿ ವಿರಾಜಿಸುತ್ತಿರುವುದನ್ನು ಕಂಡು, 1668ರ ತನ್ನ ನಾಟಕಕಾವ್ಯ ಪ್ರಬಂಧವನ್ನು 1684ರಲ್ಲಿ ಮತ್ತೆ ಅಚ್ಚುಹಾಕಿಸುವಾಗ ಅಂತಹ ವಾಕ್ಯಗಳನ್ನು ಸದ್ದಿಲ್ಲದೆ ತಿದ್ದಿಕೊಂಡನು. ಜಾನ್ಸನ್ನನಿಗೆ ಆ ಸೌಕರ್ಯವಿರಲಿಲ್ಲ.

ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತನು 1762ರ ತನ್ನ ವ್ಯಾಕರಣದಲ್ಲಿ, ಗಂಭೀರ ಶೈಲಿಗೆ ಈ ಪ್ರಯೋಗವು ಶೋಭಿಸದೆಂದಷ್ಟೇ ಸೌಮ್ಯವಾಗಿ ನುಡಿದು, ವಿನೋದಾರ್ಥವಾಗಿಯೇ ಇರಬೇಕು, ಆ ಪ್ರಯೋಗವನ್ನು ವಿವರಿಸುವ ತನ್ನ ವಾಕ್ಯವನ್ನೇ ಪ್ರಿಪೊಸಿಷನ್ನಿನಿಂದ ಮುಗಿಸಿದನು. ವಿನೋದವನ್ನು ಅರಿಯದ ಉಪಾಧ್ಯಾಯವರ್ಗವು ಬಿಷಪ್ಪನ ಸಲಹೆಯನ್ನು ಶಾಸನವನ್ನಾಗಿಸಿ, ತಲೆತಲಾಂತರದ ಬಾಲಕರನ್ನು ಬೆತ್ತದ ಸಹಾಯದಿಂದ ಶುದ್ಧೀಕರಿಸಿತು. 1926ರಲ್ಲಿ ಭಾಷಾಪ್ರಯೋಗದ ಕೋಶವನ್ನು ಬರೆದ ಫೌಲರನು, ಸ್ವತಃ ಮಾಜಿ ಉಪಾಧ್ಯಾಯನಾಗಿದ್ದೂ, ಇದು ಬರಿಯ ಮೂಢನಂಬಿಕೆಯೆಂದು ತೀರ್ಪಿತ್ತನು. ಆದರೆ ಮೂಢನಂಬಿಕೆಗಳು ತೀರ್ಪಿಗೆ ಅಂಜಿ ಊರು ಬಿಟ್ಟದ್ದುಂಟೆ?

ಆದುದರಿಂದ, ವಾಚಕ ಮಹಾಶಯರೇ, ಮಗನ ಇಂಗ್ಲಿಷ್ ಪತ್ರದ ವಾಕ್ಯಾಂತ್ಯದಲ್ಲಿ ಕುಳಿತ ಬಡ ಪ್ರಿಪೊಸಿಷನ್ನಿಗೆ ಕೆಂಪು ಗೀಟೆಳೆಯುವ ಮುನ್ನ, ದಯಮಾಡಿ ಫೌಲರನ ಪುಸ್ತಕವನ್ನೊಮ್ಮೆ ತೆರೆದು ನೋಡಿರಿ.